ಚಾರ್ಜರ್ ಹಾಕಿದರೆ ಹೆಡ್‌ಫೋನಿನಲ್ಲಿ ಗುಂಯ್!

ಪ್ರಶ್ನೆ: ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದ ಕೂಡಲೇ ಹೆಡ್‌ಫೋನಿನಲ್ಲಿ ಗುಂಯ್ ಅನ್ನುತ್ತದೆ. ಬೇರೆ ಹೆಡ್‌ಫೋನ್ ಹಾಕಿದರೂ ಅದೇ ಕಥೆ. ಏನು ಮಾಡಲಿ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಹಾಗಾದರೆ ಹೆಡ್‌ಫೋನಿನದೇನೂ ತಪ್ಪಿಲ್ಲ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಮೊದಲ ಅನುಮಾನ ಅರ್ಥಿಂಗ್ ಮೇಲೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಕನ್ವರ್ಟರಿಗೆ ಸಿಕ್ಕಿಸಿದ್ದೀರಾ, ನೋಡಿ. ಅರ್ಥ್ ಸಿಗದಿದ್ದರೆ ಚಾರ್ಜರಿನೊಳಗೆ ಕರೆಂಟಿನ ಕಿರಿಕಿರಿ ತಡೆಯಲು ಹಾಕಿರುವ ಫಿಲ್ಟರ್ ಕೆಪಾಸಿಟರ್ ಎಂಬ ಬಿಡಿಭಾಗದ ಮೂಲಕ ಸೋರುವ ಅಲ್ಪ ಕರೆಂಟ್ ಲ್ಯಾಪ್‌ಟಾಪಿನ ಬಾಡಿಯವರೆಗೆ ಬರುತ್ತದೆ, ಅದೇ ಹೆಡ್‌ಫೋನಿನಲ್ಲಿ ಗುಂಯ್ ಅನ್ನುವುದು. ಲೋಹದ ಬಾಡಿ ಮೇಲೆ ಬೆರಳು ಸವರಿದಾಗ ಜುಮ್ಮೆನ್ನುವುದೂ ಇದಕ್ಕೇ.

ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ ಅಳೆಸಿ. ಫೇಸ್–ಅರ್ಥ್ ನಡುವೆ 230 ವೋಲ್ಟ್ ಆಸುಪಾಸು, ನ್ಯೂಟ್ರಲ್–ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ. ಸಾಕೆಟ್ ಸರಿಯಿದ್ದೂ ಸದ್ದು ಬಂದರೆ ಅದೇ ವೋಲ್ಟ್, ಅದೇ ವ್ಯಾಟ್‌ನ ಬೇರೆ ಚಾರ್ಜರ್ ಹಾಕಿ ನೋಡಿ. ಅಗ್ಗದ ಡೂಪ್ಲಿಕೇಟಿನಲ್ಲಿ ಫಿಲ್ಟರ್ ಹೆಸರಿಗಷ್ಟೇ. ಅರ್ಥ್ ಪಿನ್ ಮುರಿದರೆ ಸರಿಹೋಗುತ್ತದೆ ಎಂದು ಯಾರೇ ಹೇಳಿದರೂ ಕೇಳಬೇಡಿ, ಶಾಕ್ ಹೊಡೆಯುತ್ತದೆ.

ಬ್ಯಾಟರಿಯಲ್ಲೂ ಸಣ್ಣಗೆ ಸುಸ್ಸೆನ್ನುತ್ತಿದೆಯೇ? ವಿಂಡೋಸ್‌ನ ಸೌಂಡ್ ಸೆಟ್ಟಿಂಗಿನಲ್ಲಿ ಮೈಕಿನ ‘ಲಿಸನ್ ಟು ದಿಸ್ ಡಿವೈಸ್’ ಟಿಕ್ ತೆಗೆಯಿರಿ. ಅದಕ್ಕೂ ಜಗ್ಗದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ (ಯುಎಸ್‌ಬಿಗೆ ಸಿಕ್ಕಿಸಿ ಹೆಡ್‌ಫೋನ್ ಜೋಡಿಸುವ ಪುಟ್ಟ ಸಾಧನ) ಹಾಕಿಕೊಳ್ಳಿ. ಮದರ್‌ಬೋರ್ಡ್ ಬಿಚ್ಚಿಸುವುದಕ್ಕಿಂತ ಅದೇ ಅಗ್ಗ.