ಕಾನೂನು ಮಾಡಿ ಟೋಪಿ ಹಾಕ್ಸಿದ ದೇಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ, ಗಂಡಸರು ಕೆಂಪು ಟೋಪಿ ಬಿಟ್ಟು ಯುರೋಪಿಯನ್ ಹ್ಯಾಟ್ ಹಾಕ್ಬೇಕು ಅನ್ನೋ ಟರ್ಕಿಯ 1925ರ ಟೋಪಿ ಕಾನೂನಿನ ಬಗ್ಗೆ ನಾಲ್ಕೇ ಸಾಲು ಬರ್ದಿದ್ದೆ, ಅದಕ್ಕೆ ಬಂದಿರೋ ಪ್ರಶ್ನೆ ನೋಡಿದ್ರೆ ಈ ಸಲ ಕಾಲಂ ಪೂರ್ತಿ ಟರ್ಕಿಗೇ ಬಿಟ್ಕೊಡ್ಬೇಕು ಅನ್ಸ್ತು. ಕ್ರಿಕೆಟ್ ಪ್ರಶ್ನೆ ಕಳ್ಸಿದವ್ರು ಒಂದು ತಿಂಗಳು ಕಾಯ್ಬೇಕು, ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಸರ್ಕಾರದೋರು ಜನಕ್ಕೆ ಟೋಪಿ ಹಾಕೋದು ಎಲ್ಲಾ ಕಡೆ ಇದ್ದಿದ್ದೇ ಸರ್, ಆದ್ರೆ ಕಾನೂನು ಮಾಡಿ ನಿಜವಾದ ಟೋಪಿನೇ ಹಾಕ್ಸಿದ್ದು ಯಾಕೆ? ಆ ಕೆಂಪು ಟೋಪಿ ಅವ್ರ ಸಂಸ್ಕೃತಿ ಅಲ್ವಾ? (ಓದುಗರು, ತಿಪಟೂರು)

ಉತ್ತರ: ಇಲ್ಲೇ ಇರೋದು ಮಜಾ. ಕುಚ್ಚು ಇರೋ ಆ ಕೆಂಪು ಟೋಪಿ, ಫೆಜ್ ಅಂತಾರೆ, ಅದೂ ಸರ್ಕಾರಿ ಆರ್ಡರ್ ಮೇಲೇ ತಲೆಗೆ ಬಂದಿದ್ದು. 1829ರಲ್ಲಿ ಸುಲ್ತಾನ ಎರಡನೇ ಮಹಮೂದ್, ಅಧಿಕಾರಿಗಳೆಲ್ಲ ಪೇಟ ಬಿಟ್ಟು ಫೆಜ್ ಹಾಕ್ಬೇಕು ಅಂದ, ಆಗ ಅದನ್ನೂ ಬೈದವ್ರು ಇದ್ರು. ನೂರು ವರ್ಷ ಆಗೋಷ್ಟ್ರಲ್ಲಿ ಅದೇ ಫೆಜ್ ಧರ್ಮ, ಪರಂಪರೆ ಎಲ್ಲಾ ಆಗ್ಹೋಗಿತ್ತು. 1925ರ ಆಗಸ್ಟಲ್ಲಿ ದೇಶದ ಮೊದಲ ಅಧ್ಯಕ್ಷ ಮುಸ್ತಫಾ ಕೆಮಾಲ್ (ಅತಾತುರ್ಕ್ ಅನ್ನೋ ಸರ್‌ನೇಮ್ ಬಂದಿದ್ದು 1934ರಲ್ಲಿ, ಅದಕ್ಕೂ ಒಂದು ಕಾನೂನು!) ಕಸ್ತಮೋನು ಅನ್ನೋ ಸಂಪ್ರದಾಯಸ್ಥ ಊರಿಗೆ ಯುರೋಪಿಯನ್ ಹ್ಯಾಟ್ ಹಾಕ್ಕೊಂಡು ಹೋದ್ರು, ನವೆಂಬರಲ್ಲಿ ಕಾನೂನು ಬಂತು. ಹ್ಯಾಟಿನ ಅಂಚು ಮುಂದೆ ಚಾಚಿದ್ರೆ ನಮಾಜಲ್ಲಿ ಹಣೆ ನೆಲಕ್ಕೆ ತಾಗಲ್ಲ, ಅದಕ್ಕೆ ಹಳ್ಳಿಯೋರು ಕ್ಯಾಪ್ ಹಿಂದೆಮುಂದೆ ತಿರುಗ್ಸಿ ಹಾಕ್ಕೊಂಡ್ರು. ಇದನ್ನ ಕೇಳಿ ನಗ್ಬಹುದು, ಆದ್ರೆ ರಿಜೆ, ಎರ್ಜುರುಮ್ ಕಡೆ ಪ್ರತಿಭಟನೆ ಮಾಡಿದವ್ರನ್ನ ಗಲ್ಲಿಗೂ ಹಾಕಿದ್ರು, ಅದು ನಗೋ ವಿಷ್ಯ ಅಲ್ಲ. ಹೆಂಗಸರ ಪರದೆ ಮೇಲೆ ಮಾತ್ರ ದೇಶಕ್ಕೆಲ್ಲ ಅನ್ವಯ ಆಗೋ ಕಾನೂನು ಆಗ ಮಾಡ್ಲಿಲ್ಲ, ಕೆಲವು ಊರಿನ ಮುನಿಸಿಪಾಲಿಟಿಯೋರು ತಮ್ಮಷ್ಟಕ್ಕೆ ಮಾಡಿದ್ರು.

ಪ್ರಶ್ನೆ: ಇಡೀ ದೇಶದ ಲಿಪಿ ಬದಲಾಯ್ಸಿದ್ರೂ ಜನ ಸುಮ್ನಿದ್ರಾ? ಅಜ್ಜನ ಪತ್ರ ಮೊಮ್ಮಗ ಓದೋಕಾಗಲ್ವಲ್ಲ! (ಓದುಗರು, ಸಾಗರ)

ಉತ್ತರ: ಓದೋಕಾಗಲ್ಲ, ನಿಜ ಮೇಡಂ. ಸ್ವಂತ ಮುತ್ತಜ್ಜನ ಗೋರಿ ಕಲ್ಲಿನ ಮೇಲೆ ಏನಿದೆ ಅಂತ ಬಹಳ ಜನಕ್ಕೆ ಗೊತ್ತಾಗಲ್ಲ. 1928ರ ನವೆಂಬರ್ 1ಕ್ಕೆ ಕಾನೂನು ಪಾಸಾಯ್ತು, 1929ರ ಜನವರಿ 1ರಿಂದ ಪುಸ್ತಕ ಎಲ್ಲ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ (ಇಂಗ್ಲಿಷ್ ಥರದ) ಅಕ್ಷರದಲ್ಲೇ, ಎರಡೇ ತಿಂಗಳು! ಗಲಾಟೆ ಕಮ್ಮಿ ಆಗಿದ್ದಕ್ಕೆ ಒಂದು ಸಿಂಪಲ್ ಕಾರಣ ಅಂದ್ರೆ ಆಗ ಓದು ಬರಹ ಬರ್ತಿದ್ದವ್ರು ನೂರಕ್ಕೆ ಸುಮಾರು ಹತ್ತು ಜನ, ಮಿಕ್ಕವ್ರಿಗೆ ಯಾವ ಲಿಪಿ ಆದ್ರೂ ಹೊಸದೇ. ಟರ್ಕಿಶ್ ಭಾಷೇಲಿ ಎಂಟು ಸ್ವರ ಇದೆ, ಅರಬ್ಬಿ ಲಿಪೀಲಿ ಅವನ್ನ ಬೇರೆಬೇರೆ ತೋರ್ಸೋದು ಕಷ್ಟ, ಹಾಗಾಗಿ ಹೊಸ 29 ಅಕ್ಷರ ಕಲಿಯೋಕೆ ನಿಜವಾಗ್ಲೂ ಸುಲಭ ಆಯ್ತು.

ಆದ್ರೆ ಅಷ್ಟಕ್ಕೇ ನಿಲ್ಸಿದ್ರೆ ಚೆನ್ನಾಗಿತ್ತು ಅಂತ ನನ್ನ ಲೆಕ್ಕ. 1932ರಲ್ಲಿ ಭಾಷಾ ಸಂಸ್ಥೆ ಕಟ್ಟಿ ಅರಬ್ಬಿ, ಪಾರ್ಸಿ ಪದಗಳನ್ನ ಹೆಕ್ಕಿ ಹೆಕ್ಕಿ ತೆಗೆಯೋಕೆ ಶುರು ಮಾಡಿದ್ರು. ಸ್ಕೂಲಿಗೆ ಮೆಕ್ತೆಪ್ ಹೋಗಿ ಓಕುಲ್ ಬಂತು, ವಿಮಾನಕ್ಕೆ ತಯ್ಯಾರೆ ಹೋಗಿ ಉಚಾಕ್ ಬಂತು. ಕೊನೆಗೆ ಏನಾಯ್ತಪ್ಪ ಅಂದ್ರೆ ಅತಾತುರ್ಕ್ 1927ರಲ್ಲಿ ಆರು ದಿನ, 36 ಗಂಟೆ ಮಾಡಿದ ಭಾಷಣವನ್ನೇ ಮುಂದಿನ ತಲೆಮಾರಿಗೆ ಅಂತ ಹೊಸ ಟರ್ಕಿಶ್‌ಗೆ 'ಅನುವಾದ' ಮಾಡ್ಬೇಕಾಯ್ತು. ಅಷ್ಟೆಲ್ಲ ಮಾಡಿದ್ರೂ ಕಿತಾಪ್, ದುನ್ಯಾ, ಕಲೆಮ್, ಸಾಬುನ್ ಇವತ್ತಿಗೂ ಅಲ್ಲಾಡಿಲ್ಲ. ಹ್ಞೂಂ, ನಮ್ಮ ಬಚ್ಚಲುಮನೆ ಸಾಬೂನೇ.

ಪ್ರಶ್ನೆ: ಒಂದು ಕಾಲದಲ್ಲಿ ಟರ್ಕಿ ರೇಡಿಯೋದಲ್ಲಿ ಟರ್ಕಿ ಸಂಗೀತವನ್ನೇ ಬ್ಯಾನ್ ಮಾಡಿದ್ರಂತೆ, ಸುಳ್ಳು ಸುದ್ದಿ ಇರ್ಬೇಕು ಅಲ್ವಾ? (ಓದುಗರು, ಧಾರವಾಡ)

ಉತ್ತರ: ಸುಳ್ಳಲ್ಲ ಸರ್. 1934ರ ನವೆಂಬರಲ್ಲಿ ಒಟ್ಟೋಮನ್ ಕಾಲದ ಶಾಸ್ತ್ರೀಯ ಸಂಗೀತ ಹಾಕೋದು ನಿಲ್ಸಿದ್ರು, ಅದು ಪೂರ್ವದ್ದು, ಹಳೇದು, ಅಳುಬುರುಕು ಅಂತ. ರಾಗ ಜಾನಪದದಿಂದ ತಗೊಂಡು ಆರ್ಕೆಸ್ಟ್ರಾ ಯುರೋಪ್ ಥರ ಮಾಡ್ಬೇಕು ಅನ್ನೋದು ಪ್ಲಾನು, ಹಂಗೇರಿಯ ಸಂಗೀತಗಾರ ಬೇಲಾ ಬಾರ್ತೋಕ್ 1936ರಲ್ಲಿ ಬಂದು ಅದನಾ ಕಡೆ ಹಳ್ಳಿ ಹಾಡು ರೆಕಾರ್ಡ್ ಮಾಡ್ಕೊಂಡು ಹೋದ್ರು, ಅದೇನೋ ಒಳ್ಳೇ ಕೆಲ್ಸನೇ. ಆದ್ರೆ ಜನ ಏನ್ ಮಾಡಿದ್ರು? ರೇಡಿಯೋ ಮುಳ್ಳು ತಿರುಗ್ಸಿ ಕೈರೋ ಸ್ಟೇಷನ್ ಹಾಕ್ಕೊಂಡ್ರು! ಅರಬ್ಬಿ ಪ್ರಭಾವ ಬೇಡ ಅಂತ ಹೊರಟವ್ರು ತಾವೇ ಕೈಯಾರೆ ಜನರನ್ನ ಅರಬ್ಬಿ ಹಾಡಿನ ಕಡೆ ತಳ್ಳಿದ ಹಾಗಾಯ್ತು. 1936ರಲ್ಲಿ ಬ್ಯಾನ್ ತೆಗೆದ್ರು. ಆಮೇಲೆ ಈಜಿಪ್ಟ್ ಸಿನಿಮಾಗಳಿಗೆ ಜನ ಮುಗಿಬಿದ್ರು, ಅದ್ರಲ್ಲಿ ಅರಬ್ಬಿ ಹಾಡು ಇರ್ಬಾರ್ದು ಅಂದ್ರು ಸರ್ಕಾರದೋರು, ಸರಿ, ಸಾದೆತ್ತಿನ್ ಕಯ್ನಾಕ್ ಥರದ ಸಂಗೀತಗಾರರು ಅದೇ ಧಾಟೀಲಿ ಟರ್ಕಿಶ್ ಹಾಡು ಕಟ್ಟಿ ಕೊಟ್ರು.

ಅರವತ್ತು ಎಪ್ಪತ್ತರ ದಶಕದಲ್ಲಿ ಹಳ್ಳಿ ಬಿಟ್ಟು ಇಸ್ತಾಂಬುಲ್ಗೆ ಬಂದು ರಾತ್ರೋರಾತ್ರಿ ಕಟ್ಟಿದ ಗುಡಿಸಲ ಕಾಲೋನಿಗಳಲ್ಲಿ ಇದ್ದವ್ರ ಹಾಡು ಅಂದ್ರೆ ಅರಬೆಸ್ಕ್, ಓರ್ಹಾನ್ ಗೆಂಜೆಬಾಯ್ ಅದರ ದೊಡ್ಡ ಹೆಸ್ರು (ಅವ್ರಿಗೆ ಅರಬೆಸ್ಕ್ ಅನ್ನೋ ಲೇಬಲ್ ಇಷ್ಟ ಇಲ್ಲ, ಅದು ಬೇರೆ). ಸರ್ಕಾರಿ ರೇಡಿಯೋ-ಟಿವಿ ಸಂಸ್ಥೆ ಟಿಆರ್‌ಟಿ ಆ ಹಾಡುಗಳನ್ನ ಹತ್ರ ಸೇರಿಸ್ಲಿಲ್ಲ, ಇದ್ದಿದ್ದೇ ಅದೊಂದು ಸಂಸ್ಥೆ. ಅಲ್ಲಿನ ದೋಲ್ಮುಷ್ ಅಂದ್ರೆ ನಮ್ಮ ಮ್ಯಾಕ್ಸಿಕ್ಯಾಬ್ ಇದ್ದಂಗೆ, ಸೀಟು ತುಂಬಿದ್ ಮೇಲೇ ಹೊರಡೋದು, ಅದ್ರ ಡ್ರೈವರ್‌ಗಳು ಕ್ಯಾಸೆಟ್ ಹಾಕಿ ಹಾಕಿ ಊರಿಗೆಲ್ಲ ಕೇಳ್ಸಿದ್ರು. ನನ್ನ ಕೇಳಿದ್ರೆ ಆ ಡ್ರೈವರ್‌ಗಳಿಗೆ ಒಂದು ರಾಜ್ಯಪ್ರಶಸ್ತಿ ಕೊಡ್ಬೇಕಿತ್ತು. ಎಂಬತ್ತರ ದಶಕದಲ್ಲಿ ರಾಜಕಾರಣಿಗಳೇ ಓಟಿಗೋಸ್ಕರ ಆ ಧಾಟಿ ಹಿಡ್ಕೊಂಡ್ರು.

ಆಜಾನ್ ಕಥೆನೂ ಇದೇ ಥರ. 1932ರಿಂದ ಮಸೀದಿ ಮಿನಾರಿಂದ ಆಜಾನ್ ಟರ್ಕಿಶಲ್ಲೇ ಕೂಗ್ಬೇಕಿತ್ತು, 1941ರಲ್ಲಿ ಅರಬ್ಬೀಲಿ ಕೂಗಿದ್ರೆ ಜೈಲು ಅಂತಾನೂ ಆಯ್ತು. 1950ರ ಮೇ ತಿಂಗಳ ಚುನಾವಣೇಲಿ ಮೆಂದೆರೆಸ್ (ಆಮೇಲೆ ಪ್ರಧಾನಿ ಆದವ್ರು) ಅವ್ರ ಪಾರ್ಟಿ ಗೆದ್ದು ಜೂನ್ 16ಕ್ಕೆ ಅದನ್ನ ತೆಗೆದ್ಹಾಕ್ತು, ಹದಿನೆಂಟು ವರ್ಷದ ನಿಯಮ ಒಂದೇ ದಿನದಲ್ಲಿ ಹೋಯ್ತು, ಸೋತ ಪಾರ್ಟಿನೂ ಅಡ್ಡ ಬರ್ಲಿಲ್ಲ.

ಪ್ರಶ್ನೆ: ಕುರ್ದಿಶ್ ಭಾಷೆ ಬಗ್ಗೆ ಯಾರೂ ಬರೆಯಲ್ಲ ಯಾಕೆ? (ಓದುಗರು, ಮಂಗಳೂರು)

ಉತ್ತರ: ಬರೀತೀನಿ. ಟರ್ಕಿಯಲ್ಲಿರೋ ಕುರ್ದ್ ಜನರ ಭಾಷೆ ಅದು. 1983ರ ಕಾನೂನು ಆ ಭಾಷೆಯ ಹೆಸರೂ ಎತ್ತದೇನೇ ಅದರಲ್ಲಿ ಪ್ರಕಟಣೆ ಮಾಡೋದನ್ನ ಬ್ಯಾನ್ ಮಾಡ್ತು, 1991ರವರೆಗೂ ಇತ್ತು. 2009ರ ಜನವರಿ 1ಕ್ಕೆ ಸರ್ಕಾರವೇ ಕುರ್ದಿಶ್ ಚಾನೆಲ್ ಶುರು ಮಾಡ್ತು. ಕುರ್ದಿಶಲ್ಲಿ ಬಳಸೋ ಕ್ಯೂ, ಎಕ್ಸ್, ಡಬ್ಲ್ಯೂ ಅಕ್ಷರ ಟರ್ಕಿಶ್ 29ರಲ್ಲಿ ಇಲ್ಲ, ಅವನ್ನ ಬರೆದ್ರೆ 1928ರ ಲಿಪಿ ಕಾನೂನಿನಡಿ ಕೇಸು! ವಸಂತದ ಹಬ್ಬಕ್ಕೆ ಕುರ್ದರು ಡಬ್ಲ್ಯೂ ಹಾಕಿ 'ನ್ಯೂರೋಜ್' ಅಂದ್ರೆ ಸರ್ಕಾರ ವಿ ಹಾಕಿ 'ನೆವ್ರುಜ್' ಅಂತ ತನ್ನದೇ ಹಬ್ಬ ಮಾಡ್ತು, ಆಮಂತ್ರಣ ಪತ್ರದ ಒಂದು ಅಕ್ಷರ ನೋಡಿದ್ರೆ ನೀವು ಯಾವ ಕಡೆಯೋರು ಅಂತ ಗೊತ್ತಾಗ್ಬಿಡೋದು. 2013ರ ಮೇಲೆ ಅಕ್ಷರದ ಕಾಟ ಸಡಿಲ ಆಯ್ತು.

ಪ್ರಶ್ನೆ: ಸರ್ಕಾರ ಹೇಳಿ, ಜನ ಖುಷಿಯಿಂದ ಒಪ್ಪಿದ್ದು ಒಂದಾದ್ರೂ ಇದ್ಯಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಕಾಫಿ ನಾಡಿನೋರಿಗೆ ಹೇಳೋಕೆ ಸಂಕೋಚ: ಟೀ! ಕಾಫಿ ಬರ್ತಿದ್ದ ಯೆಮೆನ್ ಕೈತಪ್ಪಿ ಕಾಫಿ ದುಬಾರಿ ಆದಾಗ ರಿಜೆ ಜಿಲ್ಲೇಲಿ ಟೀ ಬೆಳೆಸೋಕೆ 1924ರಲ್ಲೇ ಕಾನೂನು ಮಾಡಿದ್ರು, ಪಕ್ಕದ ಜಾರ್ಜಿಯಾದ ಬಾತುಮಿಯಿಂದ ಬೀಜ ತರ್ಸಿದ್ರು, 1947ರಲ್ಲಿ ಫ್ಯಾಕ್ಟರಿ ಬಂತು. ಇವತ್ತು ತಲೆಗಿಷ್ಟು ಅಂತ ಲೆಕ್ಕ ಹಾಕಿದ್ರೆ ಜಗತ್ತಲ್ಲಿ ಅತಿ ಹೆಚ್ಚು ಟೀ ಕುಡಿಯೋರಲ್ಲಿ ಟರ್ಕಿಯೋರು. ಯಾರಿಗೂ ಟೀ ಕುಡೀರಿ ಅಂತ ಜೈಲಿಗೆ ಹಾಕ್ಲಿಲ್ಲ ನೋಡಿ.

ಪ್ರಶ್ನೆ: ಡಿಸೆಂಬರಲ್ಲಿ ಟರ್ಕಿ ಟ್ರಿಪ್ ಇದೆ, ಬಿಳಿ ನಿಲುವಂಗೀಲಿ ಸುತ್ತೋ ದರ್ವೇಶಿಗಳನ್ನ ನೋಡ್ಬಹುದಾ? (ಓದುಗರು, ಬೆಂಗಳೂರು)

ಉತ್ತರ: ಧಾರಾಳವಾಗಿ. 1925ರಲ್ಲಿ ಸೂಫಿ ಮಠಗಳನ್ನ ಮುಚ್ಚಿದ ಕಾನೂನು ಇನ್ನೂ ಜಾರೀಲಿದೆ, ಆದ್ರೆ ಕೊನ್ಯಾ ಊರಲ್ಲಿ ಸಂಸ್ಕೃತಿ ಸಚಿವಾಲಯದ್ದೇ ತಂಡ ಸುತ್ತತ್ತೆ, ಮಠ ಬಂದ್, ಪ್ರೋಗ್ರಾಂ ಚಾಲೂ. ಸೂಫಿ ಕವಿ ರೂಮಿ ತೀರಿಕೊಂಡ ಡಿಸೆಂಬರ್ 17ರ ಹೊತ್ತಿಗೆ ಹೋಗಿ, ಟಿಕೆಟ್ ಮುಂಚೇನೇ ಮಾಡ್ಸಿ. ಚಳಿ ಜಾಸ್ತಿ, ಟೋಪಿ ತಗೊಂಡ್ಹೋಗಿ.