ಅಳುವವರಿಗೆ ಧೈರ್ಯ ಕಡಿಮೆ ಎಂದವರಾರು?

ಶಿವಮೊಗ್ಗ ಜಿಲ್ಲೆಯ ಓದುಗರೊಬ್ಬರು, ಹೆಸರು ಪ್ರಕಟಿಸಬಾರದೆಂದು ಕೋರಿ, ಹೀಗೆ ಬರೆದಿದ್ದಾರೆ: “ನನ್ನ ಪತ್ನಿಗೆ ಸ್ತನ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಮುಗಿದು ಮೂರು ಕೀಮೋ ಆಗಿದೆ. ವೈದ್ಯರು ಭರವಸೆ ಕೊಟ್ಟಿದ್ದಾರೆ. ಆದರೆ ಆಕೆ ದಿನವೂ ಅಳುತ್ತಾಳೆ. ಮನಸ್ಸು ಗಟ್ಟಿಯಿಲ್ಲದಿದ್ದರೆ ಔಷಧ ಹತ್ತುವುದಿಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಇದೇ ಕಾಯಿಲೆಯಿಂದ ಹೊಸ ಮನುಷ್ಯರಾಗಿ ಎದ್ದುಬಂದವರ ವೀಡಿಯೊಗಳನ್ನು ತೋರಿಸಿದೆ, ಪ್ರಯೋಜನವಾಗಲಿಲ್ಲ. ಆಕೆಗೆ ಧೈರ್ಯ ತುಂಬುವಂಥ ನಾಲ್ಕು ಪುಸ್ತಕಗಳನ್ನು ಸೂಚಿಸುತ್ತೀರಾ?”

ಪ್ರಿಯ ಮಿತ್ರರೇ,

ಪುಸ್ತಕ ಸೂಚಿಸುವುದಿಲ್ಲ. ಆ ವೀಡಿಯೊಗಳನ್ನು ತೋರಿಸುವುದನ್ನೂ ದಯವಿಟ್ಟು ನಿಲ್ಲಿಸಿ. ನಿಮ್ಮ ಪತ್ರದ ಸಾಲುಸಾಲಿನಲ್ಲೂ ಪ್ರೀತಿ ಕಾಣುತ್ತದೆ. ಹೆಂಡತಿಯ ಕಣ್ಣೀರಿನ ಬಗ್ಗೆ ಪತ್ರಿಕೆಗೆ ಬರೆದು ಕೇಳುವ ಗಂಡಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರು? ಆ ಪ್ರೀತಿಯನ್ನು ನಂಬಿಕೊಂಡೇ ಸ್ವಲ್ಪ ಖಾರವಾಗಿ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ನೆಂಟರ ಮಾತು. ಮನೋಬಲ ಬೇಕು, ಒಪ್ಪೋಣ. ಊಟ ಸೇರದ ದಿನವೂ ಎರಡು ತುತ್ತು ಉಣ್ಣುವುದಕ್ಕೆ, ಮುಂದಿನ ಕೀಮೋಗೆ ಮತ್ತೆ ಬಸ್ಸು ಹತ್ತುವುದಕ್ಕೆ ಅದು ಬೇಕೇ ಬೇಕು. ಆದರೆ ಅತ್ತರೆ ಔಷಧ ಹತ್ತುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. 1999ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಸಂಶೋಧಕರು ಆರಂಭಿಕ ಹಂತದ ಸ್ತನ ಕ್ಯಾನ್ಸರಿನ 578 ಮಹಿಳೆಯರ ಅಧ್ಯಯನವೊಂದನ್ನು ಪ್ರಕಟಿಸಿದರು. ಕಾಯಿಲೆಯನ್ನು ಎದುರಿಸಿ ನಿಲ್ಲುವ ಛಲವಿದ್ದವರು ಅದಿಲ್ಲದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ತಂಬಾಕಿನ ನಮ್ಮ ನಾಡಿಗೆ ಚಿರಪರಿಚಿತವಾದ ಬಾಯಿ, ಗಂಟಲುಗಳ ಕ್ಯಾನ್ಸರನ್ನೂ ಒಳಗೊಂಡಂತೆ ತಲೆ ಮತ್ತು ಕತ್ತಿನ ಕ್ಯಾನ್ಸರಿದ್ದ 1,093 ಮಂದಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕಾಯ್ನ್ ಮತ್ತು ಸಂಗಡಿಗರು ಪರಿಶೀಲಿಸಿ 2007ರಲ್ಲಿ ಬರೆದದ್ದೂ ಇದನ್ನೇ: ಭಾವನಾತ್ಮಕ ನೆಮ್ಮದಿಗೂ ಆಯುಸ್ಸಿಗೂ ಅಲ್ಲಿ ನಂಟು ಕಾಣಲಿಲ್ಲ. 1999ರ ಅಧ್ಯಯನದಲ್ಲಿ ತೀವ್ರ ಹತಾಶೆಗೂ ಕಾಯಿಲೆ ಮರುಕಳಿಸುವುದಕ್ಕೂ ಒಂದಿಷ್ಟು ಸಂಬಂಧ ಕಂಡದ್ದು ನಿಜ. ಹಾಗಿದ್ದರೆ ಹತಾಶೆಗೆ ಚಿಕಿತ್ಸೆ ಕೊಡಿಸಬೇಕು. ಗದರಿಸಿ ಓಡಿಸುವುದಕ್ಕೆ ಅದು ಹಟವಲ್ಲ.

ನೆಂಟರ ಮಾತಿನ ಒಳಗೆ ಏನಿದೆ ನೋಡಿ. ಕಾಯಿಲೆ ವಾಸಿಯಾದರೆ ಡಾಕ್ಟರು ಗೆದ್ದರು, ವಾಸಿಯಾಗದಿದ್ದರೆ ಇವಳ ಮನಸ್ಸು ಗಟ್ಟಿಯಿರಲಿಲ್ಲ. ಈಗಾಗಲೇ ಒಂದು ಸ್ತನವನ್ನೋ ತಲೆಗೂದಲನ್ನೋ ಕಳೆದುಕೊಂಡವಳ ತಲೆಯ ಮೇಲೆ ಈ ಅಪರಾಧವನ್ನೂ ಹೊರಿಸುತ್ತಿದ್ದೇವೆ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1977ರಲ್ಲಿ ಕ್ಯಾನ್ಸರ್ ರೋಗಿಗಳಿಗಾಗಿ ಮನೋವೈದ್ಯಕೀಯ ವಿಭಾಗ ಕಟ್ಟಿದ ಜಿಮ್ಮಿ ಹಾಲೆಂಡ್ ಎಂಬ ವೈದ್ಯೆ ಇದನ್ನು ಸಕಾರಾತ್ಮಕ ಚಿಂತನೆಯ ದಬ್ಬಾಳಿಕೆ ಎಂದೇ ಕರೆದರು.

ಆಕೆಯ ಅಳುವಿನಲ್ಲಿ ಔಷಧದ ಪಾಲೂ ಇರಬಹುದು ಎಂದು ಯಾರಾದರೂ ನಿಮಗೆ ಹೇಳಿದ್ದಾರೆಯೇ? ವಾಂತಿ ತಡೆಯಲು ಕೀಮೋ ಜೊತೆ ಸಾಮಾನ್ಯವಾಗಿ ಸ್ಟೀರಾಯ್ಡ್ ಕೊಡುತ್ತಾರೆ. ಅದಿರುವ ಒಂದೆರಡು ದಿನ ನಿದ್ದೆ ಹತ್ತಿರ ಸುಳಿಯದೆ ಇರಬಹುದು, ಅದು ಇಳಿದ ಮೇಲೆ ಮೈಮನಸ್ಸು ಎರಡೂ ಕುಸಿಯಬಹುದು. ಬಾಯಿಗೆ ಲೋಹದ ರುಚಿ. ಎರಡು ಮೂರು ವಾರಕ್ಕೆ ದಿಂಬಿನ ತುಂಬ ಕೂದಲು. ಮುಟ್ಟು ಏಕಾಏಕಿ ನಿಂತು ಮೈಯೆಲ್ಲ ಬಿಸಿಯೇರುವುದು. ಇಷ್ಟೆಲ್ಲ ಒಂದು ದೇಹದ ಮೇಲೆ ಒಟ್ಟಿಗೆ ಎರಗಿದಾಗ ಅಳದೆ ಇರುವವಳನ್ನು ಕಂಡರೆ ನನಗೆ ಹೆಚ್ಚು ಆತಂಕವಾಗುತ್ತದೆ.

ಈಗ ನೀವು ಬಯಸುವ ‘ಹೊಸ ಮನುಷ್ಯ’ನ ವಿಷಯ. ಸಂಕಟದ ನಂತರ ಮನುಷ್ಯರು ಬೆಳೆಯುತ್ತಾರೆ ಎಂಬುದು ಸುಳ್ಳಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾದ ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ 1996ರಲ್ಲಿ ಅದನ್ನು ಅಳೆಯಲು 21 ಪ್ರಶ್ನೆಗಳ ಪಟ್ಟಿಯನ್ನೇ ಮಾಡಿದರು. ಸಂಬಂಧಗಳು ಗಾಢವಾಗುತ್ತವೆ, ತನ್ನ ಶಕ್ತಿ ತನಗೆ ತಿಳಿಯುತ್ತದೆ, ಹೊಸ ದಾರಿಗಳು ತೆರೆಯುತ್ತವೆ, ಅಧ್ಯಾತ್ಮದ ಕಡೆಗಿನ ನೋಟ ಬದಲಾಗುತ್ತದೆ, ಸಣ್ಣ ಸಂಗತಿಗಳ ಬೆಲೆ ಗೊತ್ತಾಗುತ್ತದೆ. ಆದರೆ ವೀಡಿಯೊ ಮಾಡುವವರು ಬಿಟ್ಟುಬಿಡುವ ಮಾತನ್ನೂ ಅವರೇ ಹೇಳಿದ್ದಾರೆ: ಈ ಬೆಳವಣಿಗೆ ನೋವಿನ ಜೊತೆಜೊತೆಗೇ ಇರುತ್ತದೆ, ನೋವು ತೊಲಗಿದ ಜಾಗದಲ್ಲಿ ಬಂದು ಕೂರುವುದಿಲ್ಲ. ಕಾಯಿಲೆ ಅದನ್ನು ಕೊಡುವುದಿಲ್ಲ, ಕಾಯಿಲೆಯೊಡನೆ ಏಗುತ್ತ ಮನುಷ್ಯ ಅದನ್ನು ಕಂಡುಕೊಳ್ಳುತ್ತಾನೆ. ಬರದಿದ್ದರೆ ಅದು ಸೋಲೂ ಅಲ್ಲ. ಮೂರನೆಯ ಕೀಮೋ ಹೊತ್ತಿಗೆ ಫಸಲು ಕೇಳಬೇಡಿ.

ನನ್ನ ಸೋದರತ್ತೆಗೆ ಗರ್ಭಕಂಠದ ಕ್ಯಾನ್ಸರ್ ಆದಾಗ ಮನೆಯ ಹಿರಿಯರು ಅದನ್ನು ಗಡ್ಡೆ ಎಂದೇ ಹೇಳಿದರು. ವೈದ್ಯರು ಅವಳನ್ನು ಹೊರಗೆ ಕೂರಿಸಿ ಮಗನಿಗೆ ವರದಿ ಓದಿದರು. ಅತ್ತೆಗೆ ನಿಜ ತಿಳಿದದ್ದು ಮೊದಲ ವಾರವೇ, ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡುವ ಕೋಣೆಯ ಹೊರಗಿನ ಬೆಂಚಿನಲ್ಲಿ. ವಾರಕ್ಕೆ ಐದು ದಿನ ಅದೇ ಹೆಂಗಸರು ಅಲ್ಲಿ ಪಕ್ಕಪಕ್ಕ ಕೂರುತ್ತಿದ್ದರು. ರಾಯಚೂರು ಕಡೆಯ ಒಬ್ಬಾಕೆ ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಚಮಚದಲ್ಲಿ ಉಂಡರೆ ಬಾಯಿಯ ಕಹಿ ಕಡಿಮೆ ಎಂದು ಕೀಮೋ ಆಗುತ್ತಿದ್ದವರಿಗೆ ಹೇಳಿಕೊಡುತ್ತಿದ್ದಳು. ಇನ್ನೊಬ್ಬಳು ಬೋಳುತಲೆ ಕಾಣದಂತೆ ಸೆರಗು ಸಿಕ್ಕಿಸುವ ಬಗೆಯನ್ನು ಪಿನ್ನು ಬಾಯಲ್ಲಿ ಕಚ್ಚಿಕೊಂಡೇ ತೋರಿಸುತ್ತಿದ್ದಳು. ಅಲ್ಲಿ ಅಳುತ್ತಿದ್ದರು, ನಗುತ್ತಿದ್ದರು, ಸತ್ತರೆ ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಬಾಯಿಬಿಟ್ಟು ಮಾತಾಡುತ್ತಿದ್ದರು. ಮನೆಗೆ ಬಂದ ಮೇಲೆ ಅತ್ತೆ ನಮ್ಮ ನೆಮ್ಮದಿಗಾಗಿ ಏನೂ ತಿಳಿಯದವಳಂತೆ ಇರುತ್ತಿದ್ದಳು. ಗುಣವಾದ ಮೇಲೆ, ಬ್ಯಾಂಕಿನ ಚಲನ್ನನ್ನೂ ಗಂಡನ ಕೈಲಿ ತುಂಬಿಸುತ್ತಿದ್ದ ಆ ಹೆಂಗಸು ಊರಿನ ರೋಗಿಗಳನ್ನು ತಾನೇ ಆಸ್ಪತ್ರೆಗೆ ಕರೆದೊಯ್ದು ಅರ್ಜಿ ತುಂಬಿಸಿ ವೈದ್ಯರನ್ನು ಎದುರು ನಿಂತು ಪ್ರಶ್ನೆ ಕೇಳುವವಳಾದಳು. ತಪಾಸಣೆಯ ಹಿಂದಿನ ರಾತ್ರಿ ಮಾತ್ರ ಪ್ರತಿ ಸಲವೂ ಅಳುತ್ತಿದ್ದಳು. ಎರಡೂ ಅವಳೇ.

ಆ ಬೆಂಚಿನ ಮಹತ್ವವನ್ನು ವಿಜ್ಞಾನವೂ ಬಲ್ಲದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವೈದ್ಯ ಡೇವಿಡ್ ಸ್ಪೀಗೆಲ್ ಉಲ್ಬಣಗೊಂಡ ಸ್ತನ ಕ್ಯಾನ್ಸರಿನ ಮಹಿಳೆಯರನ್ನು ವಾರಕ್ಕೊಮ್ಮೆ ಕೂರಿಸಿ ಸಾವಿನ ಭಯವನ್ನೂ ಸೇರಿಸಿ ಎಲ್ಲವನ್ನೂ ಮಾತಾಡಲು ಬಿಟ್ಟರು. 86 ಮಂದಿಯ ಆ ಅಧ್ಯಯನದಲ್ಲಿ ಗುಂಪಿಗೆ ಸೇರಿದವರು ಹೆಚ್ಚು ಕಾಲ ಬದುಕಿದರೆಂದು 1989ರಲ್ಲಿ ಪ್ರಕಟಿಸಿದಾಗ ಜಗತ್ತು ಕುಣಿದಾಡಿತು. 2001ರಲ್ಲಿ ಕೆನಡಾದಲ್ಲಿ 235 ಮಹಿಳೆಯರ ಮೇಲೆ ಅದನ್ನೇ ಮಾಡಿ ನೋಡಿದಾಗ ಆಯುಸ್ಸು ಹೆಚ್ಚಲಿಲ್ಲ. ಆದರೆ ಮನಸ್ಸಿನ ಸಂಕಟ ತಗ್ಗಿತು, ದೇಹದ ನೋವೂ ಕಡಿಮೆ ಎನ್ನಿಸಿತು. ಆಯುಸ್ಸು ಸಿಗಲಿಲ್ಲವೆಂದು ಅದನ್ನು ಬದಿಗಿಟ್ಟವರ ಮೇಲೆ ನನಗೆ ಸಿಟ್ಟಿದೆ. ನೋವು ಕಡಿಮೆಯಾಗುವುದು ಸಾಲದೇ? ನಮ್ಮ ಹೆಣ್ಣುಮಕ್ಕಳು ಬೀಸುವ ಕಲ್ಲಿನ ಮುಂದೆ ಎದೆಯ ದುಃಖವನ್ನೆಲ್ಲ ಹಾಡಿ ಇಳಿಸಿಕೊಂಡವರು. ಅಳಬೇಡ ಎನ್ನುವುದನ್ನು ನಾವು ಕಲಿತದ್ದು ಯಾವಾಗ?

ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಸಂತೋಷ್ ಚತುರ್ವೇದಿ 1991ರಷ್ಟು ಹಿಂದೆಯೇ, ಕ್ಯಾನ್ಸರಿನ ಸಂದರ್ಭದಲ್ಲಿ ಭಾರತೀಯರಿಗೆ ಬದುಕಿನ ಗುಣಮಟ್ಟವೆಂದರೆ ಏನು ಎಂದು ವಿಚಾರಿಸಿದ್ದರು. ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಸಂಸಾರದ ನೆಮ್ಮದಿಗಳು ದೇಹದ ಸಾಮರ್ಥ್ಯಕ್ಕಿಂತ ಮುಂದೆ ನಿಂತವು. ಅದಾಗಿ ಮೂವತ್ತು ವರ್ಷಕ್ಕೂ ಹೆಚ್ಚಾಯಿತು. 2022ರೊಂದರಲ್ಲೇ ದೇಶದಲ್ಲಿ 14.6 ಲಕ್ಷ ಹೊಸ ಪ್ರಕರಣಗಳೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಂದಾಜಿತ್ತು. ಇಷ್ಟು ಜನರ ಮನಶ್ಶಾಂತಿ ಯಾರ ಕೆಲಸ? ಕೋಟಿಗಟ್ಟಲೆ ಸುರಿದು ಯಂತ್ರ ತರಿಸುತ್ತೇವೆ, ಸಚಿವರು ರಿಬ್ಬನ್ ಕತ್ತರಿಸುತ್ತಾರೆ. ಆ ಯಂತ್ರದ ಕೋಣೆಯ ಹೊರಗೆ ಒಬ್ಬ ಆಪ್ತಸಮಾಲೋಚಕಿಯನ್ನು ಕೂರಿಸಲು ಹುದ್ದೆ ಮಂಜೂರಾಗುವುದಿಲ್ಲ. ವರ್ಷಕ್ಕೊಮ್ಮೆ ‘ಕ್ಯಾನ್ಸರ್ ಗೆದ್ದವರಿಗೆ’ ವೇದಿಕೆಯಲ್ಲಿ ಶಾಲು ಹೊದಿಸುತ್ತೇವೆ. ಕಾಯಿಲೆ ಮರುಕಳಿಸಿದವಳನ್ನು ಆ ಸಭೆಗೆ ಕರೆದವರನ್ನು ನಾನು ಕಂಡಿಲ್ಲ. ಪತ್ರಿಕೆಗಳಾದ ನಮಗೂ ಗೆದ್ದವರ ಸಂದರ್ಶನವೇ ಬೇಕು.

ನೀವು ಮಾಡಬಹುದಾದದ್ದು ಇದೆ. ಆಕೆ ಅತ್ತಾಗ ಪಕ್ಕದಲ್ಲಿ ಕುಳಿತುಕೊಳ್ಳಿ, ಉಪದೇಶ ಬೇಡ. ಏನು ಹೆದರಿಕೆ ಎಂದು ಕೇಳಿ, ಉತ್ತರ ಬಂದಾಗ ಮಾತು ತಿರುಗಿಸಬೇಡಿ. ನಿಮಗೂ ಹೆದರಿಕೆಯಿದ್ದರೆ ಹೇಳಿ, ಆಕೆಗೆ ಅದು ಗೊತ್ತೇ ಇರುತ್ತದೆ. ವೈದ್ಯರೊಡನೆ ಆಕೆಯ ಎದುರಿನಲ್ಲೇ ಮಾತಾಡಿ. ಧೈರ್ಯ ಹೇಳಲು ಬರುವ ನೆಂಟರನ್ನು ಬಾಗಿಲಲ್ಲೇ ಕಾಫಿ ಕೊಟ್ಟು ಕಳುಹಿಸಿ.

ಎರಡು ವಾರ ಬಿಡದೆ ಯಾವುದರಲ್ಲೂ ಆಸಕ್ತಿಯಿಲ್ಲದಿದ್ದರೆ, ಅಥವಾ ಬದುಕು ಸಾಕು ಎಂಬ ಮಾತು ಒಮ್ಮೆ ಬಂದರೂ, ಕೂಡಲೇ ಮನೋವೈದ್ಯರನ್ನು ಕಾಣಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಕ್ಯಾನ್ಸರಿನ ಎಲ್ಲ ಮಾತ್ರೆಗಳ ಹೆಸರನ್ನೂ ಅವರಿಗೆ ತಿಳಿಸಿ: ಮುಂದೆ ಸ್ತನ ಕ್ಯಾನ್ಸರ್ ಮರುಕಳಿಸದಿರಲೆಂದು ಕೊಡುವ ಟಮಾಕ್ಸಿಫೆನ್ ಮಾತ್ರೆ ಶುರುವಾದರೆ ಖಿನ್ನತೆಯ ಕೆಲವು ಮಾತ್ರೆಗಳು ಅದರ ಕೆಲಸಕ್ಕೆ ಅಡ್ಡಿಯಾಗಬಲ್ಲವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ನಿಮಗೆ ನಿದ್ದೆ ಬಾರದ ರಾತ್ರಿ ನೀವೂ ಮಾಡಿ.

ಇನ್ನು, ನಿಮ್ಮ ಪತ್ನಿಗೆ ಬರೆಯುವ ಮನಸ್ಸು ಬಂದರೆ ಈ ಪತ್ರಿಕೆಯ ಪುಟಗಳು ಅವರಿಗಾಗಿ ಇವೆ. ಚಿಕಿತ್ಸೆ ಮುಗಿಯುವವರೆಗೆ ಕಾಯಬೇಕಿಲ್ಲ. ಹೆಸರು ಬೇಕಿಲ್ಲ. ಓದುಗರಿಗೆ ಸ್ಫೂರ್ತಿಯಾಗುವ ಹಾಗೆ ಬರೆಯಬೇಕೆಂಬ ಷರತ್ತೂ ಇಲ್ಲ.

— ಸಂ.