ಆಟದಲ್ಲಿ ದಬ್ಬೆ ಇಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯ ತೋಟದ ಮನೆ. ಏಳನೇ ಕ್ಲಾಸಿನ ಹುಡುಗ. ಜಡಿಮಳೆಯಲ್ಲಿ ಎರಡು ಬಸ್ ಬದಲಿಸಿ ಅಪ್ಪ, ಅಮ್ಮ ಶಿವಮೊಗ್ಗಕ್ಕೆ, ಮಕ್ಕಳ ಮನಸ್ಸಿನ ತೊಂದರೆ ನೋಡುವ ನನ್ನ ಹತ್ತಿರ ಕರೆತಂದಿದ್ದರು. ಚಿಕ್ಕಪ್ಪನ ಮಗನಿಗೆ ಅಡಿಕೆ ದಬ್ಬೆಯಲ್ಲಿ (ಅಡಿಕೆ ಮರದ ಸೀಳಿನಲ್ಲಿ) ಬಾರಿಸಿದ್ದ. ಪಾಪ, ಆ ಹುಡುಗನ ಭುಜ ಊದಿಕೊಂಡಿತ್ತಂತೆ.

"ದಿನಾ ಮೊಬೈಲಲ್ಲಿ ಗುಂಡು ಹೊಡೀತಾನೆ ಮೇಡಂ, ಅದೇ ತಲೆಗೆ ಹತ್ತಿದೆ. ಪಬ್ಜಿನ ಸರ್ಕಾರವೇ ಬ್ಯಾನ್ ಮಾಡಿತ್ತಲ್ವಾ?" ಎಂದರು ಅಪ್ಪ. ಮಾಡಿತ್ತು, 2020ರ ಸೆಪ್ಟೆಂಬರಿನಲ್ಲಿ. ಆದರೆ ಆಗ ಕೊಟ್ಟ ಕಾರಣ ದೇಶದ ಭದ್ರತೆ, ಜನರ ಡೇಟಾ. ಹಿಂಸೆಯಲ್ಲ.

ಅವರನ್ನು ಹೊರಗೆ ಕೂರಿಸಿ, "ನಂಗೂ ಆಟ ಹೇಳಿಕೊಡು" ಎಂದೆ. ಅಲ್ಲಿವರೆಗೆ ನೆಲ ನೋಡುತ್ತಿದ್ದವನು ನನ್ನ ಪೆನ್ನು ತೆಗೆದುಕೊಂಡು ನಕಾಶೆಯನ್ನೇ ಬರೆದ. ಅವನಾಡುವುದು ಪಬ್ಜಿ ಅಲ್ಲ, ಅಂಥದ್ದೇ ಇನ್ನೊಂದು ಆಟ. 50 ಜನ ಇಳಿಯುತ್ತಾರೆ, ಆಡುವ ಜಾಗದ ವೃತ್ತ ಸಣ್ಣದಾಗುತ್ತಾ ಬರುತ್ತದೆ, ಹೆಚ್ಚುಕಮ್ಮಿ 10 ನಿಮಿಷದಲ್ಲಿ ಮುಗಿಯುತ್ತದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ. ಜಗಲಿಯ ಒಂದು ಮೂಲೆಯಲ್ಲಿ ಎರಡು ಕಡ್ಡಿ ಬರುತ್ತದೆ, ಅದೂ ರಾತ್ರಿ ಹನ್ನೊಂದರ ಮೇಲೆ. ಹಾಗಾಗಿ ಮಲಗುವುದು ಒಂದೂವರೆಗೆ. ಏಳೂವರೆಗೆ ಶಾಲೆ ಬಸ್ಸು.

"ಅವತ್ತು ಕೊನೇ ಐದು ಜನ ಉಳಿದಿದ್ವಿ. ಚಿಕ್ಕಪ್ಪನ ಮಗ ಫೋನ್ ಕಿತ್ಕೊಂಡ."

"ಗನ್ ಆಟದಲ್ಲಿ ದಬ್ಬೆ ಇರುತ್ತಾ?"

"ಇಲ್ಲ."

"ಮತ್ತೆ ಅದನ್ನ ಎಲ್ಲಿ ನೋಡಿದೆ?"

ಬಾಗಿಲ ಕಡೆ ನೋಡಿದ. ಅಷ್ಟೇ.

ಅಪ್ಪ ಕೆಟ್ಟವರಲ್ಲ. ಅಡಿಕೆಗೆ ಕೊಳೆ ರೋಗ ಬಂದಿದೆ, ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡುವು ಕೊಡುತ್ತಿಲ್ಲ. ಆ ಸಿಟ್ಟು ಮನೆಯಲ್ಲಿ ಇಳಿಯುತ್ತದೆ. ಇದನ್ನು ಹೇಳುವಾಗ ನನಗೇ ಮುಜುಗರ. ಹಾಗಂತ ಆಟಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡಲಿಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಘ 2020ರಲ್ಲಿ ಹೇಳಿದ್ದೂ ಹೀಗೇ: ಇಂಥ ಆಟಕ್ಕೂ ಕಿರುಚಾಟ, ತಳ್ಳಾಟಕ್ಕೂ ಸಣ್ಣ ನಂಟಿದೆ, ನಿಜವಾದ ಹಿಂಸೆಗೆ ಇದೇ ಕಾರಣ ಎನ್ನಲು ಸಾಕಷ್ಟು ಪುರಾವೆ ಇಲ್ಲ.

ಮೊದಲು ನಿದ್ದೆ ಸರಿಯಾಗಲಿ ಎಂದೆ. ರಾತ್ರಿ ಒಂಬತ್ತಕ್ಕೆ ಫೋನ್ ಅಮ್ಮನ ಹತ್ತಿರ. ಸಂಜೆ ನೆಟ್‌ವರ್ಕ್ ಸಿಕ್ಕರೆ ಮೂರು ಮ್ಯಾಚ್. ಗಂಟೆ ಲೆಕ್ಕ ಬೇಡ, ಮ್ಯಾಚ್ ಲೆಕ್ಕ ಇರಲಿ. ನಡುವೆ ಯಾರೂ ಕಿತ್ತುಕೊಳ್ಳಬಾರದು. ದಬ್ಬೆ ಸೌದೆ ಕೊಟ್ಟಿಗೆಗೆ ಹೋಗಬೇಕು, ಯಾರ ಕೈಗೂ ಬೇಡ. ಅಪ್ಪ ವಾರಕ್ಕೊಮ್ಮೆ ಪಕ್ಕ ಕೂತು ಆಟ ನೋಡಬೇಕು. ಪೆಟ್ಟು ತಿಂದ ತಮ್ಮನ ಹತ್ತಿರ ಹುಡುಗನೇ ಹೋಗಿ ಮಾತಾಡಬೇಕು. ಊರಿಂದ ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮೂರನೇ ಭೇಟಿಗೆ ಅಪ್ಪ, ಮಗ ಇಬ್ಬರೇ ಬಂದರು. ಕಿರುಚುವುದು ನಿಂತಿಲ್ಲ, ಕಮ್ಮಿಯಾಗಿದೆ. ಅಪ್ಪ ಒಮ್ಮೆ ತಾವೇ ಆಡಲು ಹೋಗಿ ಒಂದು ನಿಮಿಷಕ್ಕೇ ಸತ್ತರಂತೆ. "ಇಳಿಯೋಕೂ ಬರಲ್ಲ ಇವರಿಗೆ" ಎಂದ ಹುಡುಗ. ಅಪ್ಪ ನಕ್ಕರು.